ಅನಿಲ್ ಕುಂಬ್ಳೆ: ಕಾಲೇಜಿನ ಬೌಲರ್, ದೇಶದ ತರಬೇತುದಾರ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವವರಲ್ಲಿ ಹೆಚ್ಚಿನವರು ಮೊದಲು ತಿರುವುವುದು ಪತ್ರಿಕೆಯ ಆಟೋಟದ ಪುಟವನ್ನು. ಇದರಲ್ಲಿ ತಪ್ಪೇನೂ ಇಲ್ಲ. ದಿನವೆಲ್ಲ ಕಡತಗಳ ನಡುವೆ ತಲೆ ತಗ್ಗಿಸಿ ಕುಳಿತವರಿಗೂ, ಬಿಸಿಲಿನಲ್ಲಿ ನಿಂತು ಮೈಮುರಿದು ದುಡಿದು ಬಂದವರಿಗೂ ಆಟದ ಸುದ್ದಿಯೆಂದರೆ ಹಗುರವಾದ ಓದು. ಆದರೆ ಕೆಲವು ದಿನಗಳ ಹಿಂದೆ ಆ ಪುಟವನ್ನು ಕುರಿತೇ ಮೇಜಿನ ಸುತ್ತ ಸಣ್ಣದೊಂದು ವಾದ ಎದ್ದಿತು. ಅಮೆರಿಕದ ಕಾಲೇಜೊಂದರಲ್ಲಿ ಸಾಫ್ಟ್‌ಬಾಲ್ ಎಂಬ ಆಟದಲ್ಲಿ ಚೆಂಡೆಸೆತಕ್ಕೆ ಹೆಸರಾದ ಹುಡುಗಿಯೊಬ್ಬಳು ಮುಂದೆ ತರಬೇತುದಾರಳಾದ ಸಂಗತಿಯನ್ನು ತರುಣರೊಬ್ಬರು ಓದಿ ಹೇಳಿ, "ನಮ್ಮವರಲ್ಲಿ ಹೀಗೆ ಯಾರಾದರೂ ಇದ್ದಾರೆಯೆ ಸಾರ್?" ಎಂದು ಕೇಳಿದರು. "ಯಾಕಪ್ಪ, ಕುಂಬ್ಳೆ ಇಲ್ಲವೆ?" ಎಂದರು ಹಿರಿಯರೊಬ್ಬರು. "ಬೌಲರ್ ಅಂದರೆ ಒಪ್ಪಿದೆ. ಕೋಚ್ ಆಗಿ ಒಂದೇ ವರ್ಷಕ್ಕೆ ಬಿಟ್ಟು ಬಂದರಲ್ಲ!" ಎಂದು ಇನ್ನೊಬ್ಬರು ತಡೆದರು. ವಾದ ಅಲ್ಲಿಗೆ ಮುಗಿಯಲಿಲ್ಲ. ವಾಚನಾಲಯದ ಬಾಗಿಲು ಹಾಕುವ ಹೊತ್ತಾದುದರಿಂದ ನಿಂತಿತಷ್ಟೆ. ಅಂದು ಹೇಳಬೇಕೆಂದುಕೊಂಡು ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಾಫ್ಟ್‌ಬಾಲಿನ ಮಾತು. ಇದು ಬೇಸ್‌ಬಾಲ್ ಆಟದ ತಂಗಿ ಎನ್ನಬಹುದು. ಹೆಸರಿನಲ್ಲಿ ಮೃದುತ್ವವಿದ್ದರೂ ಚೆಂಡೇನೂ ಮೃದುವಲ್ಲ. ಅದರ ಸುತ್ತಳತೆ 12 ಅಂಗುಲ, ಎಂದರೆ ನಮ್ಮ ಕ್ರಿಕೆಟ್ ಚೆಂಡಿಗಿಂತ ಸುಮಾರು 3 ಅಂಗುಲ ಹೆಚ್ಚು. ಕಾಲೇಜು ಹುಡುಗಿಯರ ಆಟದಲ್ಲಿ ಎಸೆಯುವವಳು 43 ಅಡಿ ದೂರದಲ್ಲಿ ನಿಂತು, ತೋಳನ್ನು ರಾಟೆಯಂತೆ ಒಂದು ಪೂರ್ತಿ ಸುತ್ತು ತಿರುಗಿಸಿ, ಸೊಂಟದ ಮಟ್ಟದಿಂದ ಚೆಂಡನ್ನು ಬಿಡುತ್ತಾಳೆ. ಆಟದ ಅರ್ಧ ಭಾರ ಅವಳ ತೋಳಿನ ಮೇಲೆಯೇ. ಅಲ್ಲಿಯ ಕಾಲೇಜುಗಳು ಆಟಕ್ಕೆ ಬಹಳ ಹಣ ಸುರಿಯುತ್ತವೆ. ಆದರೆ ಓದು ಮುಗಿದ ಮೇಲೆ ಸಾಫ್ಟ್‌ಬಾಲ್ ಆಡಿಕೊಂಡೇ ಹೊಟ್ಟೆ ಹೊರೆಯುವ ದಾರಿ ಕಿರಿದು. ಆದುದರಿಂದ ಒಳ್ಳೆಯ ಆಟಗಾರ್ತಿಯರು ಯಾವುದಾದರೊಂದು ಕಾಲೇಜಿನಲ್ಲಿ ತರಬೇತುದಾರರಾಗಿ ಸಂಬಳಕ್ಕೆ ನಿಲ್ಲುವುದು ವಾಡಿಕೆ. ಇನ್ನೊಂದು ವಿಶೇಷವುಂಟು, ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು: ಆ ಆಟದಲ್ಲಿ ಮುಂದಿನ ಎಸೆತ ಯಾವ ಬಗೆಯದಾಗಬೇಕೆಂಬುದನ್ನು ಎಷ್ಟೋ ವೇಳೆ ತರಬೇತುದಾರರೇ ಅಂಕಣದ ಹೊರಗಿನಿಂದ ಸನ್ನೆ ಮಾಡಿ ತಿಳಿಸುತ್ತಾರೆ. ಗುರುವಿನ ಮಾತು ಅಲ್ಲಿ ಚೆಂಡಿನಿಂದ ಚೆಂಡಿಗೆ ನಡೆಯುತ್ತದೆ.

ನಮ್ಮಲ್ಲಿ ಕಾಲೇಜಿಗೂ ಆಟಕ್ಕೂ ಹಾಗೆ ನಂಟಿಲ್ಲ. ಕಾಲೇಜು ಪದವಿ ಕೊಡುತ್ತದೆ. ಆಟವನ್ನು ಕ್ಲಬ್ಬಿನಲ್ಲಿಯೋ ಬೀದಿಯಲ್ಲಿಯೋ ಹುಡುಗ ತಾನೇ ಸಂಪಾದಿಸಿಕೊಳ್ಳಬೇಕು. ಎರಡೂ ಒಟ್ಟಿಗೆ ನಡೆಯುವಾಗ ಮನೆಯಲ್ಲಿ ಕೇಳುವ ಪ್ರಶ್ನೆ ಎಲ್ಲರಿಗೂ ಗೊತ್ತಿದ್ದುದೇ. ಎರಪಳ್ಳಿ ಪ್ರಸನ್ನ ಅವರ ಉದಾಹರಣೆ ನೋಡಿ. 1962ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಮೇಲೆ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸಿಗೂ ಹೋಗಿ ಬಂದ ಅವರು, ಇಂಜಿನಿಯರಿಂಗ್ ಓದನ್ನು ಪೂರೈಸುವುದಕ್ಕೆಂದು ದೊಡ್ಡ ಆಟವನ್ನು ಬಿಟ್ಟು ದೂರ ನಿಂತರು. ಮತ್ತೆ ಭಾರತದ ಪರವಾಗಿ ಟೆಸ್ಟಿಗೆ ಇಳಿದದ್ದು 1967ರಲ್ಲಿ. ಐದು ವರ್ಷ! ಬೌಲರನೊಬ್ಬನ ಆಯುಷ್ಯದಲ್ಲಿ ಐದು ವರ್ಷವೆಂದರೆ ಸಣ್ಣ ತೆರಿಗೆಯಲ್ಲ. ಹಾಗಿದ್ದೂ 49 ಟೆಸ್ಟುಗಳಲ್ಲಿ 189 ವಿಕೆಟ್ ಪಡೆದರು. 1973–74ರಲ್ಲಿ ಬೊಂಬಾಯಿಯ ಹದಿನೈದು ವರ್ಷಗಳ ಏಕಚಕ್ರಾಧಿಪತ್ಯವನ್ನು ಮುರಿದು ರಣಜಿ ಟ್ರೋಫಿಯನ್ನು ಮೊದಲ ಸಲ ಕರ್ನಾಟಕಕ್ಕೆ ತಂದ ನಾಯಕರೂ ಅವರೇ. 1985ರಲ್ಲಿ ಆಸ್ಟ್ರೇಲಿಯದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಭಾರತ ತಂಡಕ್ಕೆ ಮೇನೇಜರರಾಗಿದ್ದವರೂ ಅವರೇ. ಆ ಕಾಲದಲ್ಲಿ ನಮ್ಮ ತಂಡಕ್ಕೆ ಕೋಚ್ ಎಂಬ ಪ್ರತ್ಯೇಕ ಹುದ್ದೆ ಇರಲಿಲ್ಲ. ಟಿಕೆಟು, ಸಾಮಾನು, ಅಭ್ಯಾಸ, ಬುದ್ಧಿವಾದ ಎಲ್ಲವೂ ಮೇನೇಜರರ ತಲೆಗೇ.

ಅನಿಲ್ ಕುಂಬ್ಳೆಯವರು ಪ್ರಸನ್ನರಂತೆಯೇ ಇಂಜಿನಿಯರಿಂಗ್ ಓದಿದವರು. ಓದು ಆಟ ಎರಡನ್ನೂ ಬಿಡದೆ ನಡೆಸಿದವರು. ಅವರ ಹೆಸರಿನಲ್ಲಿರುವ ಕುಂಬ್ಳೆ ಕಾಸರಗೋಡಿಗೆ ಸೇರಿದ ಊರು. ಯಕ್ಷಗಾನದ ಪಾರ್ತಿಸುಬ್ಬನ ಹೆಸರಿನೊಡನೆ ಹೆಣೆದುಕೊಂಡ ನೆಲ ಅದು. 1956ರ ರಾಜ್ಯ ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿತು. (ಆ ಕಡೆಯಿಂದ ದೆಹಲಿಗೆ ಬಂದಿರುವ ನಮ್ಮ ಸದಸ್ಯರಿಗೆ ಈ ವಿಷಯ ಹೇಳಿಕೊಳ್ಳುವಾಗ ಧ್ವನಿ ಸ್ವಲ್ಪ ಏರುವುದನ್ನು ನಾನು ಕಂಡಿದ್ದೇನೆ. ಏರಲಿ.) ಅನಿಲ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1970ರ ಅಕ್ಟೋಬರ್ 17ರಂದು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು, ನ್ಯಾಷನಲ್ ಕಾಲೇಜು, ಆಮೇಲೆ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗ. ಹದಿಮೂರನೆಯ ವಯಸ್ಸಿಗೆ ಯಂಗ್ ಕ್ರಿಕೆಟರ್ಸ್ ಎಂಬ ಕ್ಲಬ್ಬಿಗೆ ಸೇರಿದರು. ಆಗ ಅವರದು ಓಡಿಬಂದು ಚೆಂಡೆಸೆಯುವ ಮಧ್ಯಮ ವೇಗದ ಶೈಲಿ. ಅಣ್ಣ ದಿನೇಶರ ಸಲಹೆಯಂತೆ ಸ್ಪಿನ್ನಿಗೆ ತಿರುಗಿದರು.

ಈ ತಿರುವೇ ಅವರ ಆಟದ ಗುಟ್ಟು. ಆಟ ಬಲ್ಲವರಿಗೆ ಇದು ತಿಳಿದದ್ದೇ. ತಿಳಿಯದವರಿಗಾಗಿ ಎರಡು ಮಾತು. ಲೆಗ್ ಸ್ಪಿನ್ ಎಂದರೆ ಮಣಿಕಟ್ಟನ್ನು ತಿರುಗಿಸಿ, ಉಂಗುರ ಬೆರಳಿನಿಂದ ಚೆಂಡಿಗೆ ಸುತ್ತು ಕೊಟ್ಟು, ನಿಧಾನವಾಗಿ ಗಾಳಿಯಲ್ಲಿ ತೇಲಿಸಿಬಿಡುವ ವಿದ್ಯೆ. ಚೆಂಡು ನೆಲಕ್ಕೆ ಬಿದ್ದು ಬಲಗೈ ದಾಂಡಿಗನಿಂದ ಆಚೆಗೆ ತಿರುಗುತ್ತದೆ. ಚೆಂಡು ತೇಲಬೇಕು, ಇಳಿಯಬೇಕು, ತಿರುಗಬೇಕು, ಇದು ಶಾಸ್ತ್ರ. ಕುಂಬ್ಳೆಯವರು ಈ ಶಾಸ್ತ್ರವನ್ನು ಅರ್ಧ ಮಾತ್ರ ಪಾಲಿಸಿದರು. ಎತ್ತರ ಆರಡಿಗೂ ಮಿಕ್ಕದ್ದು, ತೋಳು ನೆಟ್ಟಗೆ ಮೇಲೆ, ಹಳೆಯ ವೇಗದ ಬೌಲರನ ಓಟದ ಗತಿ ಕಾಲಿನಲ್ಲಿ ಉಳಿದೇ ಇತ್ತು. ಆದುದರಿಂದ ಅವರ ಚೆಂಡು ತೇಲುತ್ತಿರಲಿಲ್ಲ, ನುಗ್ಗುತ್ತಿತ್ತು. ಹೆಚ್ಚು ತಿರುಗುತ್ತಿರಲಿಲ್ಲ, ಪುಟಿಯುತ್ತಿತ್ತು. ಆಚೆಗೆ ತಿರುಗೀತೆಂದು ಎಣಿಸಿದ ಚೆಂಡು ಒಳಕ್ಕೆ ತಿರುಗುವುದಕ್ಕೆ ಗೂಗ್ಲಿ ಎನ್ನುತ್ತಾರೆ. ಬೆರಳುಗಳ ಸಂದಿಯಿಂದ ಹಿಂಡಿ ಬಿಟ್ಟ ಚೆಂಡು ನೆಲಕ್ಕೆ ಬಿದ್ದೊಡನೆ ಪುಟಿಯದೆ ತಗ್ಗಿನಲ್ಲಿ ಜಾರುವುದಕ್ಕೆ ಫ್ಲಿಪ್ಪರ್ ಎನ್ನುತ್ತಾರೆ. ಇವೆರಡೂ ಅವರ ಕೈಯಲ್ಲಿದ್ದವು. ಆದರೆ ಎಲ್ಲಕ್ಕಿಂತ ಮಿಗಿಲಾಗಿ ಇದ್ದುದು ಗುರಿ. ದಾಂಡಿಗ ಮುಂದಕ್ಕೆ ಬರಬೇಕೋ ಹಿಂದಕ್ಕೆ ಸರಿಯಬೇಕೋ ತೋಚದ ಒಂದು ಜಾಗವುಂಟು. ಅಲ್ಲಿಯೇ, ಓವರಿನ ಮೇಲೆ ಓವರು, ಗಂಟೆಗಟ್ಟಲೆ. ತಮ್ಮ ಚೆಂಡು ತಿರುಗುವುದಿಲ್ಲವೆಂದು ಟೀಕೆ ಮಾಡುವವರಿಗೆ ಅವರು ಬಾಯಿಂದ ಉತ್ತರ ಹೇಳಲು ಹೋಗಲಿಲ್ಲ. ವಿಕೆಟುಗಳ ಲೆಕ್ಕ ಏರುತ್ತ ಹೋಯಿತು.

ಕರ್ನಾಟಕದ ಪರವಾಗಿ ಅವರು ಮೊದಲು ಆಡಿದ್ದು 1989ರ ನವೆಂಬರ್ ಕೊನೆಯಲ್ಲಿ, ಹೈದರಾಬಾದಿನ ಮೇಲೆ. ನಾಲ್ಕು ವಿಕೆಟ್ ಬಂದವು. ಬ್ಯಾಟಿಂಗಿನಲ್ಲಿ ಎರಡು ಸರದಿಯಲ್ಲೂ ಸೊನ್ನೆ. ಮರುವರ್ಷ ಏಪ್ರಿಲಿನಲ್ಲಿ ಶಾರ್ಜಾದಲ್ಲಿ ಒಂದು ದಿನದ ಪಂದ್ಯ, ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್. ಸಚಿನ್ ತೆಂಡೂಲ್ಕರ್ ತಮ್ಮ ಮೊದಲ ಶತಕ ಹೊಡೆದದ್ದು ಆ ಪಂದ್ಯದಲ್ಲಿಯೇ. ಕನ್ನಡಕ ಹಾಕಿಕೊಂಡಿದ್ದ ಉದ್ದನೆಯ ಕಾಲೇಜು ಹುಡುಗನನ್ನು ಯಾರು ತಾನೇ ನೋಡಿಯಾರು? ಅಲ್ಲಿಂದ ಮುಂದೆ ಎರಡು ವರ್ಷ ಟೆಸ್ಟ್ ತಂಡದಲ್ಲಿ ಅವರಿಗೆ ಜಾಗವಿರಲಿಲ್ಲ. ಹೀಗೆ ಕೈಬಿಟ್ಟ ಕಾಲದಲ್ಲಿ ಎಷ್ಟೋ ಹುಡುಗರು ಬಾಡಿಹೋಗುತ್ತಾರೆ. ಇವರು ಇಂಜಿನಿಯರಿಂಗ್ ಪದವಿಯನ್ನು ಪೂರೈಸಿಕೊಂಡರು, ರಾಜ್ಯಕ್ಕಾಗಿ ಬೌಲಿಂಗ್ ಮಾಡುತ್ತ ಕಾದರು.

ಮುಂದಿನ ಬಾಗಿಲು ತೆರೆದದ್ದು ನಮ್ಮ ದೆಹಲಿಯಲ್ಲಿ. 1992ರ ಇರಾನಿ ಟ್ರೋಫಿ ಪಂದ್ಯ ಫಿರೋಜ್ ಷಾ ಕೋಟ್ಲಾದಲ್ಲಿ ನಡೆಯಿತು. ಒಂದು ಕಡೆ ರಣಜಿ ಗೆದ್ದ ದೆಹಲಿ, ಇನ್ನೊಂದು ಕಡೆ ಶೇಷ ಭಾರತ. ಶೇಷ ಭಾರತದ ಕುಂಬ್ಳೆಯವರಿಗೆ ಎರಡು ಸರದಿ ಸೇರಿ 13 ವಿಕೆಟ್. ಅವರಿಗೆ ಅಂಟಿಕೊಂಡ 'ಜಂಬೋ' ಎಂಬ ಅಡ್ಡಹೆಸರೂ ಕೋಟ್ಲಾದ್ದೇ: ಇರಾನಿ ಪಂದ್ಯದಲ್ಲಿ ಒಂದೆರಡು ಚೆಂಡು ಜಂಬೋ ಜೆಟ್ಟಿನಂತೆ ಮೇಲಕ್ಕೆ ಚಿಮ್ಮಿದುದನ್ನು ಕಂಡ ನವಜೋತ್ ಸಿಂಗ್ ಸಿಧು ಹಾಗೆ ಕರೆದರೆಂದು ಕುಂಬ್ಳೆಯವರೇ ಹೇಳಿಕೊಂಡಿದ್ದಾರೆ. ಜೆಟ್ ಉದುರಿಹೋಗಿ ಜಂಬೋ ಉಳಿಯಿತು. ಅದೇ ವರ್ಷ ದಕ್ಷಿಣ ಆಫ್ರಿಕಕ್ಕೆ ಹೋದರು; 1993ರ ಮೊದಲಿಗೆ ಇಂಗ್ಲೆಂಡ್ ಇಲ್ಲಿಗೆ ಬಂದಾಗ ಮೂರು ಟೆಸ್ಟಿನಲ್ಲಿ 21 ವಿಕೆಟ್ ಪಡೆದರು. ಅದೇ ನವೆಂಬರಿನಲ್ಲಿ ಕಲ್ಕತ್ತೆಯ ಹೀರೋ ಕಪ್ ಫೈನಲಿನಲ್ಲಿ ವೆಸ್ಟ್ ಇಂಡೀಸಿನ ಆರು ಜನರನ್ನು ಕೇವಲ 12 ರನ್ನಿಗೆ ಕೆಡವಿದರು.

ಈಗ 1999ರ ಫೆಬ್ರವರಿ 7. ಭಾನುವಾರ. ಆ ದಿನದ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ದೆಹಲಿಯ ಕನ್ನಡಿಗರಿಗೆ ಅದು ಹಕ್ಕಿನ ಕಥೆ. ನಾನು ಮೈದಾನದಲ್ಲಿರಲಿಲ್ಲ. ಕಿದ್ವಾಯಿ ನಗರದ ಹಳೆಯ ಸರಕಾರಿ ಕ್ವಾರ್ಟರ್ಸಿನಲ್ಲಿ (ಅವನ್ನೆಲ್ಲ ಈಚೆಗೆ ಕೆಡವಿ ಗೋಪುರಗಳನ್ನು ಎಬ್ಬಿಸಿದ್ದಾರೆ) ನೆರೆಯವರ ಟೀವಿಯ ಮುಂದೆ ಕುಳಿತಿದ್ದೆ. ಹಿಂದಿನ ವಾರವಷ್ಟೆ ಚೆನ್ನೈಯಲ್ಲಿ ಪಾಕಿಸ್ತಾನ 12 ರನ್ನಿನಿಂದ ಗೆದ್ದಿತ್ತು. ಸುಮಾರು 19 ವರ್ಷಗಳಿಂದ ಟೆಸ್ಟಿನಲ್ಲಿ ಅವರನ್ನು ನಾವು ಸೋಲಿಸಿರಲಿಲ್ಲ. ಕೋಟ್ಲಾದಲ್ಲಿ ನಾಲ್ಕನೆಯ ದಿನ ಅವರು ಗೆಲ್ಲಲು 420 ರನ್ ಮಾಡಬೇಕಾಗಿತ್ತು. ಊಟದ ಹೊತ್ತಿಗೆ ವಿಕೆಟ್ ಹೋಗದೆ 101. ಸಯೀದ್ ಅನ್ವರ್, ಷಾಹಿದ್ ಅಫ್ರಿದಿ ಇಬ್ಬರೂ ಸಲೀಸಾಗಿ ಆಡುತ್ತಿದ್ದರು. ನೆರೆಯವರು ಎದ್ದು ಹೋಗಿ ಅಕ್ಕಿ ಆರಿಸಲು ಕುಳಿತರು.

ಊಟವಾದ ಮೇಲೆ ಕುಂಬ್ಳೆಯವರು ತುದಿ ಬದಲಿಸಿ ಪೆವಿಲಿಯನ್ ಕಡೆಯಿಂದ ಬಂದರು. ಅಫ್ರಿದಿಯವರ ಬ್ಯಾಟು ತಾಗಿದ ಚೆಂಡು ವಿಕೆಟ್ ಕೀಪರ್ ಮೊಂಗಿಯಾ ಕೈಗೆ. ಅಫ್ರಿದಿಯವರಿಗೆ ಅಂಪೈರರ ತೀರ್ಪು ಒಪ್ಪಿಗೆಯಾಗಲಿಲ್ಲ, ಮುಖ ಗಂಟಿಕ್ಕಿಕೊಂಡೇ ನಡೆದರು. ಮುಂದಿನ ಚೆಂಡಿಗೇ ಇಜಾಜ್ ಅಹಮದ್ ಎಲ್.ಬಿ.ಡಬ್ಲ್ಯು., ಎಂದರೆ ವಿಕೆಟಿಗೆ ಬೀಳಬೇಕಾದ ಚೆಂಡಿಗೆ ಕಾಲು ಅಡ್ಡ ಬಂದುದು. ಆಮೇಲೆ ಇಂಜಮಾಮ್, ಯೂಸುಫ್, ಮೊಯಿನ್ ಖಾನ್, ಕೊನೆಗೆ 69 ರನ್ ಮಾಡಿದ್ದ ಅನ್ವರ್. ವಿಕೆಟಿಲ್ಲದೆ 101 ಇದ್ದದ್ದು ಆರಕ್ಕೆ 128 ಆಯಿತು. ಆರೂ ಒಬ್ಬರಿಗೇ. ಅಕ್ಕಿಯ ಮೊರ ಟೀವಿಯ ಮುಂದಕ್ಕೆ ಬಂತು.

ಸಲೀಂ ಮಲಿಕ್ ಮತ್ತು ನಾಯಕ ವಸೀಂ ಅಕ್ರಂ ಕೆಲಹೊತ್ತು ಗೋಡೆ ಕಟ್ಟಿದರು. ಮಲಿಕ್ ಬೌಲ್ಡ್ ಆದರು, ಮುಷ್ತಾಕ್ ಕೊಟ್ಟ ಕ್ಯಾಚು ದ್ರಾವಿಡ್ ಕೈಗೆ, ಸಕ್ಲೈನ್ ಎಲ್.ಬಿ.ಡಬ್ಲ್ಯು. ಒಂಬತ್ತಾಯಿತು. ಈಗ ಇನ್ನೊಂದು ತುದಿಯಿಂದ ಬೌಲಿಂಗ್ ಮಾಡಬೇಕಾದವರು ಮೈಸೂರಿನ ಜಾವಗಲ್ ಶ್ರೀನಾಥ್. ತಮಗೆ ವಿಕೆಟ್ ಬರಬಾರದೆಂದು ಅವರು ಬೇಕೆಂದೇ ಚೆಂಡನ್ನು ಸ್ಟಂಪಿನಿಂದ ದೂರದೂರಕ್ಕೆ ಹಾಕಿದರು. ಜೀವಮಾನವೆಲ್ಲ ವಿಕೆಟಿಗಾಗಿ ಓಡಿದ ಮನುಷ್ಯ ವಿಕೆಟ್ ಬೇಡವೆಂದು ಎಸೆದ ಆ ಓವರು ನನಗೆ ಹತ್ತು ವಿಕೆಟಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಮುಂದೆ ಅಕ್ರಂ ಹೊಡೆದದ್ದು ಹತ್ತಿರದಲ್ಲಿದ್ದ ಲಕ್ಷ್ಮಣ್ ಕೈಗೆ ಹೋಯಿತು. 26.3 ಓವರು, 9 ಮೇಡನ್, 74 ರನ್, 10 ವಿಕೆಟ್. ಪಾಕಿಸ್ತಾನ 207, ಭಾರತಕ್ಕೆ 212 ರನ್ನಿನ ಜಯ. ಅದಕ್ಕೆ ಮುಂಚೆ ಟೆಸ್ಟಿನ ಒಂದು ಸರದಿಯಲ್ಲಿ ಹತ್ತೂ ವಿಕೆಟ್ ಪಡೆದಿದ್ದವರು 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ. ಅನಂತರ 2021ರಲ್ಲಿ ಮುಂಬಯಿಯಲ್ಲಿ ನ್ಯೂಜಿಲೆಂಡಿನ ಏಜಾಜ್ ಪಟೇಲ್. ಆ ದಿನ ಭಾರತದ ಹನ್ನೊಂದು ಜನರಲ್ಲಿ ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್, ದ್ರಾವಿಡ್ ಹೀಗೆ ನಾಲ್ವರು ಕರ್ನಾಟಕದವರು. ಇಬ್ಬರು ಅಂಪೈರರಲ್ಲಿ ಒಬ್ಬರಾದ ಎ.ವಿ. ಜಯಪ್ರಕಾಶ್ ಅವರೂ ನಮ್ಮವರೇ.

ಕೋಟ್ಲಾಕ್ಕೂ ಕುಂಬ್ಳೆಯವರಿಗೂ ಇದ್ದ ಋಣ ಅಲ್ಲಿಗೆ ತೀರಲಿಲ್ಲ. ಒಟ್ಟು ಏಳು ಟೆಸ್ಟ್ ಅಲ್ಲಿ ಆಡಿ 58 ವಿಕೆಟ್ ಪಡೆದರು. 2007ರ ನವೆಂಬರಿನಲ್ಲಿ, ಮೂವತ್ತೇಳು ದಾಟಿದ ಮೇಲೆ, ಟೆಸ್ಟ್ ತಂಡದ ನಾಯಕರಾಗಿ ಮೊದಲ ಪಂದ್ಯ ಗೆದ್ದದ್ದೂ ಅಲ್ಲಿಯೇ. 2008ರ ನವೆಂಬರ್ 2ರಂದು, ಆಸ್ಟ್ರೇಲಿಯದ ಮೇಲಿನ ಪಂದ್ಯದ ಕೊನೆಯ ದಿನ, ಎಡಗೈ ಬೆರಳಿಗೆ ಹನ್ನೊಂದು ಹೊಲಿಗೆ ಹಾಕಿಸಿಕೊಂಡಿದ್ದ ಸ್ಥಿತಿಯಲ್ಲಿ, ಇನ್ನು ಸಾಕೆಂದು ಹೇಳಿದ್ದೂ ಅಲ್ಲಿಯೇ. ಜೊತೆಯವರು ಹೆಗಲ ಮೇಲೆ ಹೊತ್ತು ತಂದರು. 132 ಟೆಸ್ಟ್, 619 ವಿಕೆಟ್. ಭಾರತದ ಬೌಲರುಗಳಲ್ಲಿ ಇದಕ್ಕಿಂತ ಹೆಚ್ಚು ಪಡೆದವರಿಲ್ಲ.

ನಡುವೆ ನಡೆದುದೆಲ್ಲವನ್ನೂ ಬರೆಯಲು ನಮ್ಮ ಪತ್ರಿಕೆಯಲ್ಲಿ ಜಾಗ ಸಾಲದು. ಒಂದು ಸಂಗತಿಯನ್ನು ಮಾತ್ರ ಬಿಡಲಾರೆ. 2002ರ ಮೇ ತಿಂಗಳು, ಆಂಟಿಗುವಾ. ಬ್ಯಾಟಿಂಗ್ ಮಾಡುವಾಗ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ದವಡೆ ಮುರಿಯಿತು. ಊರಿಗೆ ಮರಳಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಅವರು ತಲೆ ಗಲ್ಲ ಸೇರಿಸಿ ಬಟ್ಟೆ ಬಿಗಿಸಿಕೊಂಡು ಮೈದಾನಕ್ಕಿಳಿದು 14 ಓವರ್ ಬೌಲಿಂಗ್ ಮಾಡಿದರು. ಬ್ರಯನ್ ಲಾರಾ ಅವರನ್ನು ಎಲ್.ಬಿ.ಡಬ್ಲ್ಯು. ಮಾಡಿದರು. ಪಂದ್ಯ ಡ್ರಾ ಆಯಿತು. ಆಟದ ಫಲಿತಾಂಶ ಅದರಿಂದ ಬದಲಾಗಲಿಲ್ಲ. ತನ್ನ ಪಾಲಿನ ಕೆಲಸ ಮುಗಿಯದೆ ಎದ್ದು ಹೋಗಬಾರದೆಂಬ ಒಂದು ಹಟ, ಅಷ್ಟೆ. ಕೋಚ್ ಕುಂಬ್ಳೆಯವರನ್ನು ಅರ್ಥಮಾಡಿಕೊಳ್ಳಲು ಈ ದವಡೆಯ ಕಥೆಯೇ ಬೀಗದ ಕೈ ಎಂದು ನನ್ನ ಎಣಿಕೆ.

ಆಟ ಬಿಟ್ಟ ಮೇಲೆ 2010ರಿಂದ 2013ರ ತನಕ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದರು, ಶ್ರೀನಾಥ್ ಕಾರ್ಯದರ್ಶಿ. 2012ರಿಂದ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಕ್ರಿಕೆಟ್ ಸಮಿತಿಗೂ ಹಲವು ವರ್ಷ ಅಧ್ಯಕ್ಷರು. ಐ.ಪಿ.ಎಲ್. ತಂಡಗಳಿಗೆ ಮಾರ್ಗದರ್ಶಕರಾಗಿಯೂ ಇದ್ದರು. ಆದರೆ ದಿನದಿನವೂ ತಂಡದ ಜೊತೆಗಿದ್ದು ತರಬೇತಿ ಕೊಡುವ ಕೆಲಸ ಅವರು ಮಾಡಿರಲಿಲ್ಲ. 2016ರ ಜೂನಿನಲ್ಲಿ ತೆಂಡೂಲ್ಕರ್, ಗಂಗೂಲಿ, ಲಕ್ಷ್ಮಣ್ ಇದ್ದ ಸಲಹಾ ಸಮಿತಿಯ ಶಿಫಾರಸಿನ ಮೇಲೆ ಅವರನ್ನು ಭಾರತ ತಂಡಕ್ಕೆ ಮುಖ್ಯ ಕೋಚ್ ಆಗಿ ನೇಮಿಸಿದರು. ಅವಧಿ ಒಂದು ವರ್ಷ. ನಮ್ಮಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುವವರಿಗೆ ಒಂದು ವರ್ಷವೆಂದರೇನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ: ಆರು ತಿಂಗಳು ಕೆಲಸ ಕಲಿಯುವುದು, ಉಳಿದ ಆರು ತಿಂಗಳು ಮುಂದುವರಿಸುವರೋ ಇಲ್ಲವೋ ಎಂದು ನೋಡುವುದು.

ಆ ವರ್ಷದ ಲೆಕ್ಕ ಹೀಗಿದೆ. ವೆಸ್ಟ್ ಇಂಡೀಸಿನಲ್ಲಿ ನಾಲ್ಕು ಟೆಸ್ಟ್, ಎರಡು ಗೆಲುವು. ನ್ಯೂಜಿಲೆಂಡಿನ ಮೇಲೆ ಮೂರಕ್ಕೆ ಮೂರು. ಇಂಗ್ಲೆಂಡಿನ ಮೇಲೆ ಐದರಲ್ಲಿ ನಾಲ್ಕು. ಬಾಂಗ್ಲಾದೇಶದ ಮೇಲೆ ಒಂದೇ ಪಂದ್ಯ, ಅದೂ ಗೆಲುವು. ಆಸ್ಟ್ರೇಲಿಯದ ಮೇಲೆ ನಾಲ್ಕರಲ್ಲಿ ಎರಡು. ಒಟ್ಟು 17ರಲ್ಲಿ 12 ಗೆದ್ದು, 4 ಡ್ರಾ ಆಗಿ, ಸೋತದ್ದು ಪುಣೆಯ ಒಂದು ಪಂದ್ಯ. ಐದು ಸರಣಿಯೂ ನಮ್ಮವೇ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ನಮ್ಮ ಕರುಣ್ ನಾಯರ್ ಔಟಾಗದೆ 303 ಮಾಡಿದ್ದು, ಕೆ.ಎಲ್. ರಾಹುಲ್ 199ಕ್ಕೆ ಔಟಾಗಿ ತಲೆ ಚಚ್ಚಿಕೊಂಡದ್ದು ಈ ಅವಧಿಯಲ್ಲಿಯೇ. ಧರ್ಮಶಾಲೆಯಲ್ಲಿ 2017ರ ಮಾರ್ಚಿನಲ್ಲಿ ಎಡಗೈ ಮಣಿಕಟ್ಟಿನ ಸ್ಪಿನ್ನರ್ ಕುಲದೀಪ್ ಯಾದವ್ ಮೊದಲ ಟೆಸ್ಟ್ ಆಡಿ, ಮೊದಲ ಸರದಿಯಲ್ಲಿ ನಾಲ್ಕು ವಿಕೆಟ್ ತೆಗೆದರು. ಯಾವ ಕೋಚಿಗಾದರೂ ಇದು ಉತ್ತಮ ದರ್ಜೆಯಲ್ಲಿ ತೇರ್ಗಡೆಯಾದ ಅಂಕಪಟ್ಟಿ. ಸ್ವದೇಶದ ಪಿಚ್ಚುಗಳ ಸಹಾಯವಿತ್ತೆಂದು ಕೆಲವರು ಹೇಳುತ್ತಾರೆ; ಇತ್ತು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2017ರ ಜೂನ್ 18ರಂದು ಚಾಂಪಿಯನ್ಸ್ ಟ್ರೋಫಿಯ ಫೈನಲಿನಲ್ಲಿ ಲಂಡನ್ನಿನಲ್ಲಿ ಭಾರತ ಪಾಕಿಸ್ತಾನಕ್ಕೆ ಸೋತಿತು. ಜೂನ್ 20ರಂದು ಕುಂಬ್ಳೆಯವರು ರಾಜೀನಾಮೆ ಕೊಟ್ಟರು. ಅದೇ ದಿನ ಹೊರಡಿಸಿದ ಹೇಳಿಕೆಯಲ್ಲಿ, ತಮ್ಮ ಕೆಲಸದ ಶೈಲಿಯ ಬಗ್ಗೆ ನಾಯಕರಿಗೆ ಅಸಮಾಧಾನವಿದೆಯೆಂದು ಮಂಡಳಿಯವರು ಮೊದಲ ಸಲ ತಮಗೆ ತಿಳಿಸಿದ್ದು ಹಿಂದಿನ ದಿನವಷ್ಟೆ ಎಂದೂ, ಈ ಜೊತೆಗಾರಿಕೆ ಇನ್ನು ನಡೆಯಲಾರದೆಂದೂ ಬರೆದರು. ನಾಯಕರು ನಮ್ಮ ದೆಹಲಿಯ ವಿರಾಟ್ ಕೊಹ್ಲಿ. ಅದೇ ಹೇಳಿಕೆಯಲ್ಲಿ ಕೋಚ್ ಆದವನ ಕೆಲಸ ತಂಡದ ಹಿತಕ್ಕಾಗಿ ಕನ್ನಡಿ ಹಿಡಿಯುವುದು ಎಂಬ ಅರ್ಥದ ಮಾತೊಂದಿದೆ. ಪತ್ರಿಕೆಗಳು ಆ ವಾರವೆಲ್ಲ ಯಾರು ಸರಿ ಯಾರು ತಪ್ಪು ಎಂದು ಅಂಕಣ ತುಂಬಿಸಿದವು. ನನಗೆ ಮುಖ್ಯವೆನಿಸಿದ್ದು ಈ ಕನ್ನಡಿಯ ಮಾತು.

ಸಾಫ್ಟ್‌ಬಾಲಿನ ಕೋಚ್ ಸನ್ನೆ ಮಾಡಿ ಎಸೆತವನ್ನು ಆರಿಸಬಲ್ಲಳು ಎಂದೆನಲ್ಲ, ಕ್ರಿಕೆಟಿನಲ್ಲಿ ಹಾಗಿಲ್ಲ. ಯಾರು ಬೌಲಿಂಗ್ ಮಾಡಬೇಕು, ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಸರದಿ ಮುಗಿಸಬೇಕು ಇವೆಲ್ಲ ನಾಯಕನ ಅಧಿಕಾರ. ಕೋಚ್ ಗೆರೆಯ ಆಚೆ ಕುಳಿತವನು. ಹಿಂದಿನ ದಿನ ಹೇಳಬಹುದು, ಮರುದಿನ ಕೇಳಬಹುದು, ಆಟ ನಡೆಯುವಾಗ ನೋಡಬೇಕು. ಬೌಲರ್ ಕುಂಬ್ಳೆಯವರ ಕೈಯಲ್ಲಿ ಚೆಂಡಿತ್ತು. ಒಂದು ಓವರು ಕೆಟ್ಟರೆ ಮುಂದಿನ ಓವರಿನಲ್ಲಿ ತಾನೇ ತಿದ್ದಿಕೊಳ್ಳಬಹುದಿತ್ತು. ದವಡೆ ಮುರಿದರೆ ಬಟ್ಟೆ ಕಟ್ಟಿಕೊಂಡು ತಾನೇ ಇಳಿಯಬಹುದಿತ್ತು. ನಾಯಕ ಕುಂಬ್ಳೆಯವರ ಬಾಯಲ್ಲಿ ಅಪ್ಪಣೆಯಿತ್ತು. ಕೋಚ್ ಕುಂಬ್ಳೆಯವರಿಗೆ ಚೆಂಡೂ ಇಲ್ಲ, ಅಪ್ಪಣೆಯೂ ಇಲ್ಲ, ಇದ್ದುದು ಕನ್ನಡಿಯೊಂದೇ. ಅದನ್ನು ಹಿಡಿದವನಿಗೆ ಮುಖ ಎಷ್ಟು ಸ್ಪಷ್ಟವಾಗಿ ಕಂಡರೂ ತಲೆ ಬಾಚಿಕೊಳ್ಳಬೇಕಾದವರು ಎದುರಿಗಿದ್ದವರು. ಅವರು ಮುಖ ತಿರುಗಿಸಿದರೆ ಕನ್ನಡಿ ಹಿಡಿದವನ ಕೈ ನೋಯುತ್ತದೆ, ಬೇರೇನೂ ಆಗುವುದಿಲ್ಲ.

ನಮ್ಮ ಕಚೇರಿಗಳಲ್ಲಿ ಇಂಥದನ್ನು ಕಾಣದವರು ಯಾರು? ನಾನು ಹಿಂದೆ ಕೆಲಸ ಮಾಡಿದ ಕಡೆ ಒಬ್ಬ ಹಿರಿಯ ಗುಮಾಸ್ತರಿದ್ದರು. ಒಂದು ಸಾಲು ತಪ್ಪಿದ್ದರೂ ಟಿಪ್ಪಣಿಯನ್ನು ಹಿಂದಕ್ಕೆ ಕಳಿಸುವರು. ಅವರ ಕೈಕೆಳಗೆ ಕಲಿತವರೆಲ್ಲ ಮುಂದೆ ಮೇಲಿನ ಹುದ್ದೆಗೆ ಹೋದರು. ಅವರು ಇದ್ದಷ್ಟು ದಿನ ಅವರನ್ನು ಕಂಡರೆ ಮಾತ್ರ ಯಾರಿಗೂ ಆಗುತ್ತಿರಲಿಲ್ಲ, ನನಗೂ ಸೇರಿ. ಅವರ ಮಾತು ಸರಿಯಾಗಿತ್ತೆಂಬುದು ನನಗೆ ಹೊಳೆದದ್ದು ನನ್ನ ಕೈಕೆಳಗೆ ಇಬ್ಬರು ಹುಡುಗರು ಬಂದ ಮೇಲೆ. ಹಾಗೆಂದು ಆ ಗುಮಾಸ್ತರು ಇನ್ನಷ್ಟು ಮೃದುವಾಗಿ ಹೇಳಬಾರದಿತ್ತೆ ಎಂದರೆ, ಹೇಳಬಹುದಿತ್ತು. ತನ್ನ ಮೈಯನ್ನು ಹಟದಿಂದ ಪಳಗಿಸಿಕೊಂಡವರಿಗೆ ಇನ್ನೊಬ್ಬರನ್ನು ಸಮಾಧಾನದಿಂದ ಪಳಗಿಸುವುದು ಬೇರೆಯೇ ವಿದ್ಯೆ. ಆದುದರಿಂದ ಮೇಜಿನ ಬಳಿ ಕುಂಬ್ಳೆಯವರನ್ನು ಆಕ್ಷೇಪಿಸಿದ ಸದಸ್ಯರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಒಂದೇ ವರ್ಷಕ್ಕೆ ಬಿಟ್ಟದ್ದನ್ನೇ ಸೋಲೆಂದು ಬರೆಯುವುದಾದರೆ, 17ರಲ್ಲಿ 12 ಎಂಬುದನ್ನು ಯಾವ ಕಲಮಿಗೆ ಸೇರಿಸುವುದು?

ಆಮೇಲೆ ಅವರು ಮತ್ತೊಮ್ಮೆ ಕೋಚ್ ಆದರು. 2020ರಿಂದ 2022ರ ತನಕ ಮೂರು ಐ.ಪಿ.ಎಲ್. ಋತುಗಳಲ್ಲಿ ಪಂಜಾಬ್ ತಂಡಕ್ಕೆ. ಮೊದಲೆರಡು ವರ್ಷ ನಾಯಕರು ಅದೇ ಕೆ.ಎಲ್. ರಾಹುಲ್. ತಂಡ ಮೂರು ಸಲವೂ ಆರನೆಯ ಸ್ಥಾನದಲ್ಲಿ ನಿಂತಿತು; 2022ರಲ್ಲಿ ಅವರ ಕರಾರನ್ನು ಮುಂದುವರಿಸಲಿಲ್ಲ. ಅಂಕಪಟ್ಟಿಯಲ್ಲಿ ಇದು ಸಾಧಾರಣ ದರ್ಜೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ 2020ರಲ್ಲಿ ಆ ತಂಡಕ್ಕೆ ರವಿ ಬಿಷ್ಣೋಯ್ ಎಂಬ ರಾಜಸ್ಥಾನದ ಹುಡುಗನೊಬ್ಬ ಬಂದಿದ್ದ. ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ಲೆಗ್ ಸ್ಪಿನ್ನರ್, ತೇಲಿಸುವುದು ಕಡಿಮೆ, ವೇಗ ಹೆಚ್ಚು, ಗೂಗ್ಲಿಯೇ ಮುಖ್ಯ ಆಯುಧ. ಮೊದಲ ಋತುವಿನಲ್ಲಿ 12 ವಿಕೆಟ್ ಪಡೆದ. 2022ರ ಫೆಬ್ರವರಿಯಲ್ಲಿ ಭಾರತ ತಂಡಕ್ಕೂ ಆಡಿದ. ಅವನ ಓಟವನ್ನೂ ಚೆಂಡು ನುಗ್ಗುವ ಬಗೆಯನ್ನೂ ನೋಡಿದಾಗ ಹಳಬರಿಗೆ ಯಾರ ನೆನಪಾಗುತ್ತದೆಂದು ಮುಂದಿನ ಸಲ ಟೀವಿಯಲ್ಲಿ ಪಂದ್ಯ ಬಂದಾಗ ವಾಚಕರೇ ನೋಡಿ ಹೇಳಲಿ.

ಕೋಟ್ಲಾವನ್ನು ಇನ್ನೂ ಕಾಣದ ಹೊಸ ಸದಸ್ಯರಿಗೆ ದಾರಿ ತಿಳಿಸಿ ಮುಗಿಸುತ್ತೇನೆ. 1999ರಲ್ಲಿ ಮೆಟ್ರೊ ಇರಲಿಲ್ಲ, ಬಸ್ಸೇ ಗತಿ. ಈಗ ಕಿದ್ವಾಯಿ ನಗರದಿಂದ ಐ.ಎನ್.ಎ. ನಿಲ್ದಾಣಕ್ಕೆ ನಡೆದು, ಹಳದಿ ಮಾರ್ಗದಲ್ಲಿ ಕೇಂದ್ರೀಯ ಸಚಿವಾಲಯದ ತನಕ ಹೋಗಿ, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿಕೊಂಡು ದೆಹಲಿ ಗೇಟಿನಲ್ಲಿ ಇಳಿಯಬೇಕು. 2019ರಿಂದ ಕ್ರೀಡಾಂಗಣಕ್ಕೆ ಅರುಣ್ ಜೇಟ್ಲಿಯವರ ಹೆಸರಿಟ್ಟಿದ್ದಾರೆ. ಆದರೆ ಕೋಟ್ಲಾ ಎಂದು ಕೇಳಿದರೆ ಯಾವ ರಿಕ್ಷಾದವನೂ ದಾರಿ ತಪ್ಪುವುದಿಲ್ಲ.